ಕುದುರೆ ಸವಾರಿಗೂ ಲಾಯದ ಕೆಲಸಕ್ಕೂ ಒಂದೇ ಬೂಟ್ ಸಾಕೇ?

ಪ್ರಶ್ನೆ: ನಾನು ಯಲಹಂಕದವಳು, 36 ವರ್ಷ. ಎರಡು ವರ್ಷದಿಂದ ಹೆಸರಘಟ್ಟದ ಹತ್ತಿರ ಒಂದು ಕಡೆ ಕುದುರೆ ಸವಾರಿ ಕಲಿಯುತ್ತಿದ್ದೇನೆ. ಈ ವರ್ಷದಿಂದ ಅಲ್ಲಿನ ಒಂದು ಹೆಣ್ಣು ಕುದುರೆಯ ಆರೈಕೆಯನ್ನೂ ವಹಿಸಿಕೊಂಡಿದ್ದೇನೆ. ಶನಿವಾರ, ಭಾನುವಾರ ಬೆಳಿಗ್ಗೆ ಆರಕ್ಕೆ ಹೋದರೆ ಮೊದಲು ಲದ್ದಿ ಎತ್ತಿ, ಲಾಯ ತೊಳೆದು, ಕುದುರೆಯ ಮೈ ಉಜ್ಜಿ, ಆಮೇಲೆ ಸವಾರಿ. ಮಳೆಗಾಲದಲ್ಲಿ ಮನೆಗೆ ಬರುವಷ್ಟರಲ್ಲಿ ಸಾಕ್ಸ್ ಹಿಂಡಿದರೆ ನೀರು ಬರುತ್ತದೆ. ಡಿಸೆಂಬರ್‌ನಲ್ಲಿ ಪಾದ ಮರಗಟ್ಟುತ್ತದೆ. ಕಿರುಬೆರಳಿನ ಸಂದಿಯಲ್ಲಿ ಚರ್ಮ ಬಿಳುಚಿಕೊಂಡು ಸುಲಿಯುತ್ತಿದೆ. ಇಂಗ್ಲೆಂಡಿನಲ್ಲಿರುವ ಅಕ್ಕ ಮುಂದಿನ ತಿಂಗಳು ಬರುತ್ತಿದ್ದಾಳೆ. ಅಲ್ಲಿ ಹಳ್ಳಿ ಕಡೆ ಹಾಕುವ, ಮೊಣಕಾಲಿನವರೆಗೆ ಬರುವ ಚರ್ಮದ ಕಂಟ್ರಿ ಬೂಟ್ ತರುತ್ತೇನೆ ಅನ್ನುತ್ತಾಳೆ. ಒಳಗೆ ಉಣ್ಣೆಯಂಥ ಬೆಚ್ಚನೆ ಲೈನಿಂಗ್, ನೀರು ಇಳಿಯುವುದಿಲ್ಲವಂತೆ, ಸವಾರಿಗೂ ಆಗುತ್ತದಂತೆ. ನಮ್ಮ ದುಡ್ಡಿನಲ್ಲಿ 35 ಸಾವಿರದ ಹತ್ತಿರ. ಲಾಯದಲ್ಲಿ ಕುದುರೆ ನೋಡಿಕೊಳ್ಳುವ ನಮ್ಮ ಸೈಸ್ ಮಾತ್ರ, "ಸುಮ್ನೆ ದುಡ್ಡು ದಂಡ ಮೇಡಂ, 500 ರೂಪಾಯಿಯ ಗಮ್‌ಬೂಟ್ ತಗೊಳ್ಳಿ, ಅದರಲ್ಲೇ ಕುದುರೆ ಹತ್ತಿ" ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಅಕ್ಕನ ಮಾತಿನಲ್ಲೂ ಸತ್ಯ ಇದೆ, ಸೈಸ್ ಮಾತಿನಲ್ಲೂ ಇದೆ. ಆದರೆ ಸೈಸ್ ಹೇಳಿದ್ದರಲ್ಲಿ ಕೊನೆಯದು, ಗಮ್‌ಬೂಟ್‌ನಲ್ಲೇ ಕುದುರೆ ಹತ್ತಿ ಅನ್ನುವುದು, ಅದನ್ನು ದಯವಿಟ್ಟು ಇವತ್ತೇ ಬಿಟ್ಟುಬಿಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನೀವು ಕೇಳಿದ್ದು ಯಾವ ಬೂಟ್ ಅಂತ. ಓದಿದಾಗ ನನಗೆ ಕಂಡದ್ದು ಮೂರು ಬೇರೆ ಬೇರೆ ತೊಂದರೆ. ಕಾಲು ಒದ್ದೆಯಾಗುವುದು ಒಂದು. ಕಾಲು ತಣ್ಣಗಾಗುವುದು ಇನ್ನೊಂದು. ಮೂರನೆಯದನ್ನು ನೀವು ಬರೆದೇ ಇಲ್ಲ: ಅಕಸ್ಮಾತ್ ಬಿದ್ದರೆ ಆ ಬೂಟ್ ಸ್ಟಿರಪ್‌ನಿಂದ, ಅಂದರೆ ಸವಾರ ಪಾದ ಇಡುವ ಬಳೆಯಿಂದ, ಸಲೀಸಾಗಿ ಕಳಚಿಕೊಳ್ಳುತ್ತದಾ? ಲಾಯ ನೋಡಿಕೊಂಡು, ಸವಾರಿ ಕಲಿಸಿಕೊಂಡು ಬಂದಿರುವ ನಾನು ಕಂಡ ಮಟ್ಟಿಗೆ, ಬೂಟ್ ಕೊಳ್ಳುವವರು ಮೊದಲ ಎರಡನ್ನೇ ವಿಚಾರಿಸುತ್ತಾರೆ. ಮೂರನೆಯದು ಜೀವದ ಪ್ರಶ್ನೆ.

ಮೊದಲು ಒದ್ದೆಯ ವಿಷಯಕ್ಕೆ ಬರೋಣ. ಸಾಕ್ಸ್ ಹಿಂಡಿದರೆ ನೀರು ಅಂದಿರಿ. ಆ ನೀರು ಎಲ್ಲಿಂದ ಬಂತು ಅಂತ ತಿಳಿಯದೆ ಹೊಸ ಬೂಟ್ ಕೊಳ್ಳಬೇಡಿ. ಮುಂದಿನ ಶನಿವಾರ ಹೀಗೆ ಮಾಡಿ. ಒಣ ಸಾಕ್ಸ್ ಹಾಕಿ, ಅದರ ಮೇಲೆ ತೆಳು ಪ್ಲಾಸ್ಟಿಕ್ ಕವರ್ ಹಾಕಿ, ಅದರ ಮೇಲೆ ಇನ್ನೊಂದು ತೆಳು ಸಾಕ್ಸ್. ಈಗಿರುವ ಬೂಟ್ ಹಾಕಿಕೊಂಡು ಲಾಯದ ಕೆಲಸ ಮಾತ್ರ ಮಾಡಿ, ಹಾಗೇ ಕುದುರೆ ಹತ್ತಬೇಡಿ. ಒಂದು ಗಂಟೆ ಆದಮೇಲೆ ಬಿಚ್ಚಿ ಹೊರಗಿನ ಸಾಕ್ಸ್ ಮುಟ್ಟಿ ನೋಡಿ. ಅದು ಒದ್ದೆಯಾಗಿದ್ದರೆ ಬೂಟ್ ಸೋರುತ್ತಿದೆ. ಒಣಗಿದ್ದರೆ, ಇಷ್ಟು ದಿನ ನೀವು ಹಿಂಡಿದ್ದು ಬಹುಪಾಲು ನಿಮ್ಮದೇ ಬೆವರು. ಪ್ಲಾಸ್ಟಿಕ್ ಇರುವುದರಿಂದ ಒಳಗಿನ ಸಾಕ್ಸ್ ಹೇಗಿದ್ದರೂ ಒದ್ದೆಯಾಗುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ನೀರು ಬರಲು ಇನ್ನೊಂದು ದಾರಿ ಇದೆ. ಮಳೆಯಲ್ಲಿ ಸವಾರಿ ಮಾಡುವಾಗ ತೊಡೆಯ ಮೇಲೆ ಬಿದ್ದ ನೀರು ಪ್ಯಾಂಟ್ ಹಿಡಿದು ಕೆಳಗಿಳಿದು, ಬೂಟಿನ ಬಾಯಿಂದ ಒಳಗೆ ಸೇರುತ್ತದೆ. ಎಷ್ಟೇ ದುಬಾರಿ ವಾಟರ್‌ಪ್ರೂಫ್ ಬೂಟ್ ಆದರೂ ಇದನ್ನು ತಡೆಯಲಾರದು. ಒಳಗೆ ಸೇರಿದ ನೀರನ್ನು ಹೊರಗೂ ಬಿಡದು. ಇದಕ್ಕೆ ಮದ್ದು ಬೂಟಿನ ಹೊರಗಿನಿಂದ ಇಳಿಬಿಡುವ ಮಳೆ ಪ್ಯಾಂಟ್. ಹೊಸದಾದರೆ ಮೊದಲು ಕುದುರೆಗೆ ತೋರಿಸಿ, ಅದರ ಪಕ್ಕದಲ್ಲಿ ನಿಂತು ಸರಬರ ಸದ್ದು ಮಾಡಿ ಅಭ್ಯಾಸ ಮಾಡಿಸಿ. ಆ ಸದ್ದಿಗೆ ಬೆಚ್ಚುವ ಕುದುರೆಗಳಿವೆ.

ಈಗ ಅಕ್ಕ ಹೇಳುವ ಬೂಟು. ಒಳ್ಳೆ ಕಂಟ್ರಿ ಬೂಟ್‌ಗಳಲ್ಲಿ ಚರ್ಮಕ್ಕೂ ಲೈನಿಂಗ್‌ಗೂ ನಡುವೆ ಒಂದು ತೆಳುವಾದ ಪೊರೆ ಇರುತ್ತದೆ. ಗೋರ್‌ಟೆಕ್ಸ್ ಹೆಸರು ಕೇಳಿರುತ್ತೀರಿ. ನಾನ್‌ಸ್ಟಿಕ್ ತವಾದ ಮೇಲಿರುತ್ತದಲ್ಲ, ಆ ಪಿಟಿಎಫ್‌ಇ ವಸ್ತುವನ್ನೇ 1969ರಲ್ಲಿ ಅಮೆರಿಕದ ಬಾಬ್ ಗೋರ್ ಜಗ್ಗಿ ಹಿಗ್ಗಿಸಿದಾಗ ಇದು ಸಿಕ್ಕಿತು. ಈಗ ಬೇರೆ ಬೇರೆ ಕಂಪನಿಗಳು ತಮ್ಮದೇ ಪೊರೆ ಬಳಸುತ್ತವೆ. ಅದರ ತೂತುಗಳು ನೀರಿನ ಹನಿ ದಾಟಲಾರದಷ್ಟು ಸಣ್ಣವು, ಆದರೆ ಆವಿ ದಾಟುತ್ತದೆ. ಹೊರಗಿನ ಮಳೆ ಒಳಗೆ ಬರುವುದಿಲ್ಲ, ಒಳಗಿನ ಬೆವರು ಆವಿಯಾಗಿ ಹೊರಗೆ ಹೋಗುತ್ತದೆ. ಇದು ನಿಜ.

ಆದರೆ ಆ ಆವಿ ತಾನಾಗಿ ಹೊರಗೆ ಹೋಗುವುದಿಲ್ಲ. ಬೂಟಿನ ಒಳಗೆ ಬಿಸಿ ಮತ್ತು ತೇವ ಜಾಸ್ತಿ, ಹೊರಗೆ ಕಡಿಮೆ ಅನ್ನುವ ವ್ಯತ್ಯಾಸವೇ ಅದನ್ನು ಹೊರಗೆ ದೂಡಬೇಕು. ಇಂಗ್ಲೆಂಡಿನ ಚಳಿಗಾಲದಲ್ಲಿ ಹೊರಗೆ 4-5 ಡಿಗ್ರಿ. ಅಷ್ಟು ತಣ್ಣನೆ ಗಾಳಿಯಲ್ಲಿ ಹಿಡಿಯುವ ತೇವವೇ ಸ್ವಲ್ಪ, ಹಾಗಾಗಿ ಆವಿ ಸಲೀಸಾಗಿ ಹೊರಡುತ್ತದೆ. ನಮ್ಮಲ್ಲಿ ಸೆಪ್ಟೆಂಬರ್ ಬೆಳಿಗ್ಗೆ 20 ಡಿಗ್ರಿ, ಗಾಳಿಯೇ ಒದ್ದೆ ಬಟ್ಟೆಯ ಹಾಗೆ. ಆವಿ ಹೊರಡುತ್ತದೆ, ಆದರೆ ನಿಧಾನ. ಹೊರಗಿನ ಚರ್ಮ ನೀರು ಕುಡಿದು ನೆನೆದಿದ್ದರೆ ಇನ್ನೂ ನಿಧಾನ. ಅಷ್ಟರಲ್ಲಿ ನೀವು ಲದ್ದಿ ಎತ್ತುತ್ತಾ, ಬಕೆಟ್ ಹೊರುತ್ತಾ ಬೆವರುತ್ತಲೇ ಇರುತ್ತೀರಿ. ಜೊತೆಗೆ ಉಣ್ಣೆಯಂಥ ದಪ್ಪ ಲೈನಿಂಗ್ ಇದ್ದರೆ ಅದು ಬೆವರು ಹೀರಿ ಇಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಅಂಥ ಬೂಟ್ ಭಾನುವಾರ ಒದ್ದೆಯಾದರೆ ಬುಧವಾರವೂ ಒಳಗೆ ಕೈ ಹಾಕಿದಾಗ ತಣ್ಣಗಿರುತ್ತದೆ.

ಹಾಗಾಗಿ ನೀರು ಇಳಿಯದ ಬೂಟ್ ಅಂದರೆ ಒಣಗಿದ ಕಾಲು ಅಂತ ಅರ್ಥವಲ್ಲ. ಬೆಂಗಳೂರಿಗೆ ನೀರು ತಡೆಯುವುದಕ್ಕಿಂತ ಬೇಗ ಒಣಗುವುದು ಹೆಚ್ಚು ಮುಖ್ಯ. ನನ್ನ ಸಲಹೆಯೆಲ್ಲ ಇದರ ಮೇಲೇ ನಿಂತಿದೆ.

ಚಳಿಯ ಕಥೆಯೂ ಇದಕ್ಕೇ ಅಂಟಿಕೊಂಡಿದೆ. ನಮ್ಮ ಊರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಡಿಸೆಂಬರ್, ಜನವರಿಯ ಬೆಳಗಿನ ಜಾವ ನಗರದಲ್ಲಿ ಸುಮಾರು 16 ಡಿಗ್ರಿ ಇರುತ್ತದೆ. ಹೆಸರಘಟ್ಟ, ದೇವನಹಳ್ಳಿ ಕಡೆ ಬಯಲಾದ್ದರಿಂದ ಇನ್ನೂ ಸ್ವಲ್ಪ ಕಡಿಮೆ. ಒಣಗಿದ ಕಾಲು ಮರಗಟ್ಟುವ ಚಳಿ ಇದಲ್ಲ. ಮರಗಟ್ಟುತ್ತಿದೆ ಅಂದರೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಕಾರಣ ಇರುತ್ತದೆ. ಸಾಕ್ಸ್ ಒದ್ದೆಯಾಗಿದೆ. ಇಲ್ಲವೇ ಬೂಟ್ ಬಿಗಿಯಾಗಿ ರಕ್ತ ಓಡಾಡುತ್ತಿಲ್ಲ. ಇಲ್ಲವೇ ತೆಳು ಅಟ್ಟೆಯ ಮೂಲಕ ತೊಳೆದ ಸಿಮೆಂಟ್ ನೆಲ ಕಾಲಿನ ಬಿಸಿಯನ್ನು ಎಳೆದುಕೊಳ್ಳುತ್ತಿದೆ.

ಚಳಿಗೆ ಎರಡು ಸಾಕ್ಸ್ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಬೂಟಿನಲ್ಲಿ ಜಾಗ ಇದ್ದರೆ ಸರಿ. ಇಲ್ಲದಿದ್ದರೆ ಎರಡನೆಯ ಸಾಕ್ಸ್ ಕಾಲನ್ನು ಒತ್ತಿ ಇನ್ನಷ್ಟು ತಣ್ಣಗೆ ಮಾಡುತ್ತದೆ. ಹತ್ತಿ ಸಾಕ್ಸ್ ಅಂತೂ ಬೇಡವೇ ಬೇಡ, ಅದು ಬೆವರು ಕುಡಿದು ಅಂಟಿಕೊಂಡು ಕೂರುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಮೆರಿನೋ ಉಣ್ಣೆಯ ತೆಳು ಸಾಕ್ಸ್ ಮೂರು ಜೊತೆ ಇಟ್ಟುಕೊಳ್ಳಿ. ಒಂದು ಲಾಯಕ್ಕೆ, ಒಂದು ಸವಾರಿಗೆ, ಒಂದು ಮನೆಗೆ ಹೋಗುವಾಗ. ಅಕ್ಕನಿಗೆ ಏನಾದರೂ ತರಲು ಹೇಳಲೇಬೇಕು ಅನ್ನಿಸಿದರೆ ಇದನ್ನು ಹೇಳಿ.

ನೆಲದ ತಣ್ಣಗೆ ತಡೆಯಲು ನಮ್ಮಲ್ಲೇ ಒಳ್ಳೆಯ ಉಪಾಯ ಇದೆ. ಹಳೆ ಕಂಬಳಿ. ಕುರಿ ಉಣ್ಣೆಯ ಅಸಲಿ ಕಂಬಳಿಯ ತುಂಡನ್ನು ಪಾದದ ಅಳತೆಗೆ ಕತ್ತರಿಸಿ ಬೂಟಿನೊಳಗೆ ಹಾಸಿ. ಎರಡು ಜೊತೆ ಕತ್ತರಿಸಿಟ್ಟುಕೊಂಡರೆ ಒಂದನ್ನು ಒಣಹಾಕಿ ಇನ್ನೊಂದನ್ನು ಬಳಸಬಹುದು. ಹಾಸಿದ ಮೇಲೆ ಬೂಟ್ ಬಿಗಿ ಆಗಬಾರದು, ಅಷ್ಟೇ. ಬೆಚ್ಚನೆ ಲೈನಿಂಗ್‌ನ ಬೂಟ್ ಕೊಡುವ ಸುಖದ ಮುಕ್ಕಾಲು ಭಾಗ ಇದರಲ್ಲೇ ಸಿಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಬಿಸಿಲು ಏರಿದಾಗ ಇದನ್ನು ತೆಗೆದುಹಾಕಬಹುದು. ಲೈನಿಂಗ್ ತೆಗೆಯಲು ಬರುತ್ತದಾ?

ಈಗ ಮುಖ್ಯ ವಿಷಯ, ಸ್ಟಿರಪ್. ಸವಾರ ಬಿದ್ದು ಕಾಲು ಸ್ಟಿರಪ್‌ನಲ್ಲಿ ಸಿಕ್ಕಿಕೊಂಡರೆ ಬೆದರಿದ ಕುದುರೆ ಎಳೆದುಕೊಂಡು ಓಡುತ್ತದೆ. ಸವಾರಿಯಲ್ಲಿ ನಾವು ಅತಿ ಹೆಚ್ಚು ಹೆದರುವುದು ಇದಕ್ಕೇ. ಸವಾರಿ ಬೂಟಿನ ರೂಪವೆಲ್ಲ ಈ ಹೆದರಿಕೆಯಿಂದಲೇ ಬಂದದ್ದು. ಹಿಂದೆ ಸುಮಾರು 2.5 ಸೆಂಟಿಮೀಟರಿನ ಹೀಲ್, ಪಾದ ಸ್ಟಿರಪ್ ಒಳಗೆ ಪೂರ್ತಿ ಜಾರಿ ಹೋಗದಂತೆ ತಡೆಯಲು. ಅಟ್ಟೆ ಹೆಚ್ಚುಕಡಿಮೆ ನುಣುಪು, ಬಿದ್ದಾಗ ಸಲೀಸಾಗಿ ಹಿಂದಕ್ಕೆ ಜಾರಿಬರಲು. ಪಾದದ ಅಗಲವಾದ ಭಾಗ ಸ್ಟಿರಪ್‌ಗಿಂತ ಕಿರಿದು, ಎರಡೂ ಕಡೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಜಾಗ ಉಳಿಯುವಷ್ಟು.

ಗಮ್‌ಬೂಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಅಟ್ಟೆಯಲ್ಲಿ ಬೆರಳು ಹೋಗುವಷ್ಟು ಆಳದ ಗೀರುಗಳು. ಅವು ಸ್ಟಿರಪ್‌ನ ಅಂಚಿಗೆ ಕೊಕ್ಕೆಯಂತೆ ಕಚ್ಚಿಕೊಳ್ಳುತ್ತವೆ. ಮುಂಭಾಗ ಉಬ್ಬಿಕೊಂಡು ಅಗಲವಾಗಿದೆ. ಕಣಕಾಲಿನ ಹತ್ತಿರ ಸಡಿಲ. ದೊಡ್ಡವರು ಸಾಮಾನ್ಯವಾಗಿ ಬಳಸುವ ಸ್ಟಿರಪ್ ಒಳಗಡೆ 12 ಸೆಂಟಿಮೀಟರ್ ಅಗಲ ಇರುತ್ತದೆ. ಗಮ್‌ಬೂಟಿನ ಅಟ್ಟೆ ಅದರಲ್ಲಿ ತುರುಕಿದಂತೆ ಕೂರುತ್ತದೆ. ಹಾಗಂತ ದೊಡ್ಡ ಸ್ಟಿರಪ್ ಹಾಕಿದರೆ ಪಾದವೇ ತೂರಿಕೊಂಡು ಹೋಗುವ ಅಪಾಯ.

"ಗಮ್‌ಬೂಟ್ ಸಡಿಲ ಅಲ್ವಾ, ಸಿಕ್ಕಿಕೊಂಡರೂ ಬೂಟ್ ಅಲ್ಲೇ ಬಿಟ್ಟು ಕಾಲು ಹೊರಬರುತ್ತೆ" ಅನ್ನುವ ಮಾತು ಲಾಯಗಳಲ್ಲಿ ತುಂಬಾ ಕೇಳುತ್ತೇನೆ. ಒದ್ದೆಯಾದ ಗಮ್‌ಬೂಟನ್ನು ಮನೆಯಲ್ಲಿ ಕುರ್ಚಿ ಮೇಲೆ ಕೂತು ಕಳಚುವುದೇ ಎಷ್ಟು ಕಷ್ಟ ಅಂತ ನಿಮಗೆ ಗೊತ್ತು. ಒಳಗೆ ಗಾಳಿ ಹೋಗದೆ ಕಾಲು ಕಚ್ಚಿ ಹಿಡಿಯುತ್ತದೆ. ತಲೆಕೆಳಗಾಗಿ ನೇತಾಡುವಾಗ ಅದು ಬಿಟ್ಟುಕೊಡುತ್ತದೆ ಅಂತ ನಂಬಿ ಕುದುರೆ ಹತ್ತಬಾರದು. ನಿಮ್ಮ ಸೈಸ್ ಇಷ್ಟು ವರ್ಷ ಏನೂ ಆಗದೆ ಹತ್ತಿರಬಹುದು. ಅವರು ಹುಟ್ಟಿನಿಂದ ಕುದುರೆಗಳ ನಡುವೆ ಬೆಳೆದವರು, ಬೀಳುವ ಮೊದಲೇ ಕಾಲು ಬಿಡಿಸಿಕೊಳ್ಳುವುದು ಅವರ ಮೈಗೆ ಗೊತ್ತು. ಎರಡು ವರ್ಷ ಕಲಿತವರಿಗೆ ಅದು ಬಂದಿರುವುದಿಲ್ಲ. ಕ್ಯಾನ್ವಾಸ್ ಶೂಗೂ ಇದೇ ಮಾತು, ಅದರಲ್ಲಿ ಹೀಲ್ ಇಲ್ಲ.

ಸೇಫ್ಟಿ ಸ್ಟಿರಪ್ ಅಂತ ಬರುತ್ತವೆ. ಹೊರಬದಿಯಲ್ಲಿ ಕಬ್ಬಿಣದ ಬದಲು ರಬ್ಬರ್ ಬಳೆ ಇರುವಂಥವು. ಒತ್ತಡ ಬಿದ್ದಾಗ ರಬ್ಬರ್ ಕಳಚಿ ಕಾಲು ಹೊರಬರುತ್ತದೆ. ನಿಮ್ಮಲ್ಲಿ ಇಲ್ಲದಿದ್ದರೆ ಹಾಕಿಸಿ. ಬೂಟಿಗೆ ಖರ್ಚು ಮಾಡುವ ಮೊದಲು ಇದಕ್ಕೆ ಮಾಡಿ. ರಬ್ಬರ್ ಬಿರುಕು ಬಿಟ್ಟರೆ ಬದಲಿಸಬೇಕು. ಆದರೆ ಇದು ಇದೆ ಅಂತ ಗಮ್‌ಬೂಟ್‌ನಲ್ಲಿ ಹತ್ತುವ ಹಾಗಿಲ್ಲ.

ಹಾಗಾದರೆ ಎರಡಕ್ಕೂ ಆಗುವ ಬೂಟ್ ಯಾಕೆ ಅಷ್ಟು ಕಷ್ಟ? ಸ್ಟಿರಪ್‌ಗೆ ನುಣುಪು ಅಟ್ಟೆ ಬೇಕು. ಸೋಪು ನೀರು, ಲದ್ದಿ, ಮೂತ್ರ ಬೆರೆತ ಸಿಮೆಂಟ್ ನೆಲದ ಮೇಲೆ ನಿಂತು ಕುದುರೆಯ ಗೊರಸು ಎತ್ತುವಾಗ ಹಿಡಿತ ಇರುವ ಅಟ್ಟೆ ಬೇಕು. ಈ ಎರಡನ್ನೂ ಒಂದೇ ಅಟ್ಟೆಯಿಂದ ಪೂರ್ತಿಯಾಗಿ ಪಡೆಯಲು ಆಗುವುದಿಲ್ಲ. ಕಂಟ್ರಿ ಬೂಟ್ ಮಾಡುವವರು ಆಳವಿಲ್ಲದ ಗೀರು, ಸಣ್ಣ ಹೀಲ್ ಕೊಟ್ಟು ನಡುವಿನ ದಾರಿ ಹಿಡಿದಿದ್ದಾರೆ. ಆದರೆ ಎಲ್ಲ ಕಂಟ್ರಿ ಬೂಟ್ ಸವಾರಿಗೆ ಅಂತ ಮಾಡಿದವಲ್ಲ. ಹಲವು ನೋಡಲು ಒಂದೇ ಥರ ಇದ್ದರೂ ಕೆಸರಿನಲ್ಲಿ ನಾಯಿ ಜೊತೆ ನಡೆಯುವವರಿಗೆ ಮಾಡಿದವು, ಅವುಗಳ ಅಟ್ಟೆ ದಪ್ಪ. ಅಕ್ಕನಿಗೆ ಅಂಗಡಿಯಲ್ಲಿ ಕೇಳಲು ಹೇಳಬೇಕಾದದ್ದು ಇದೇ: ಇದು ಸವಾರಿಗೆ ಸೂಕ್ತ ಅಂತ ತಯಾರಕರೇ ಹೇಳಿದ್ದಾರಾ? ಅಟ್ಟೆಯ ಅತಿ ಅಗಲದ ಜಾಗ ಎಷ್ಟು ಸೆಂಟಿಮೀಟರ್? ಹತ್ತು ದಾಟಿದರೆ ನಿಮ್ಮ ಸ್ಟಿರಪ್‌ಗೆ ಸರಿಹೋಗುವುದಿಲ್ಲ. ಬೂಟಿನ ಮುಂದೆ ಲೇಸ್ ಇದ್ದರೆ ಅದರ ಗಂಟು, ಕುಣಿಕೆ ಸಿಕ್ಕಿಕೊಳ್ಳದ ಹಾಗೆ ಒಳಗೆ ಸಿಕ್ಕಿಸಲು ಬರುತ್ತದಾ? ಇಲ್ಲಿಯ ಅಂಗಡಿಯಲ್ಲಿ ಕೊಳ್ಳುವುದಾದರೆ ನಿಮ್ಮ ಸ್ಯಾಡಲ್‌ನಿಂದ ಒಂದು ಸ್ಟಿರಪ್ ಬಿಚ್ಚಿಕೊಂಡು ಹೋಗಿ. ಬೂಟನ್ನು ಅದರೊಳಗೆ ಇಟ್ಟು ಹಿಂದಕ್ಕೆ ಎಳೆದು ನೋಡಿ. ಎಲ್ಲಿಯಾದರೂ ತಡೆದರೆ ಆ ಬೂಟ್ ಬೇಡ. ಅಂಗಡಿಯವರು ವಿಚಿತ್ರವಾಗಿ ನೋಡಿದರೆ ನೋಡಲಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡು ಜೊತೆ ಇಟ್ಟುಕೊಳ್ಳುತ್ತೇನೆ.

ಲಾಯಕ್ಕೆ ಗಮ್‌ಬೂಟ್. ಇಲ್ಲಿ ನಿಮ್ಮ ಸೈಸ್ ಹೇಳಿದ್ದು ನೂರಕ್ಕೆ ನೂರು ಸರಿ. ಎಸ್‌ಜೆಪಿ ರೋಡಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ, ಸೇಫ್ಟಿ ಸಾಮಾನು ಮಾರುವವರ ಹತ್ತಿರ ಸಿಗುತ್ತದೆ. ಪೈಪಿನಲ್ಲಿ ನೀರು ಬಿಟ್ಟರೆ ಸ್ವಚ್ಛ. ಕುದುರೆಯ ಮೂತ್ರದಿಂದ ಹುಟ್ಟುವ ಅಮೋನಿಯಾ ಪಿವಿಸಿಗೆ ಏನೂ ಮಾಡದು. ಅದೇ ಅಮೋನಿಯಾ ಚರ್ಮವನ್ನೂ ಹೊಲಿಗೆಯ ದಾರವನ್ನೂ ತಿನ್ನುತ್ತದೆ. 35 ಸಾವಿರದ ಚರ್ಮದ ಬೂಟ್ ಹಾಕಿಕೊಂಡು ಲದ್ದಿ ಎತ್ತುವುದು ನನಗೆ ಸರಿ ಕಾಣದಿರುವುದು ಇದಕ್ಕೇ. ಗಮ್‌ಬೂಟಿನ ದೋಷ ಅಂದರೆ ಬೆವರು. ಆದ್ದರಿಂದ ಲಾಯದ ಕೆಲಸ ಮುಗಿದ ತಕ್ಷಣ ಕಳಚಿ, ಕಾಲು ಒರೆಸಿ, ಒಣ ಸಾಕ್ಸ್ ಹಾಕಿ. ಹಳತಾದ ಗಮ್‌ಬೂಟಿನ ಅಟ್ಟೆ ಗಟ್ಟಿಯಾಗಿ ಜಾರಲು ಶುರುವಾಗುತ್ತದೆ, ಆಗ ಇನ್ನೊಂದು ವರ್ಷ ಎಳೆಯದೆ ಬದಲಿಸಿ.

ಸವಾರಿಗೆ ಕಣಕಾಲಿನ ಮೇಲೆ ನಿಲ್ಲುವ ಗಿಡ್ಡ ಜೋಧ್‌ಪುರ್ ಬೂಟ್, ಅದರ ಮೇಲೆ ಮೊಣಕಾಲಿನವರೆಗೆ ಜಿಪ್ ಹಾಕುವ ಹಾಫ್ ಚಾಪ್ಸ್ ಅನ್ನುವ ಕಾಲಿನ ಕವಚ. ಉದ್ದ ಬೂಟಿನ ಕೆಲಸವನ್ನೇ ಇವೆರಡೂ ಸೇರಿ ಮಾಡುತ್ತವೆ. ಒದ್ದೆಯಾದರೆ ಬೇರೆ ಬೇರೆಯಾಗಿ ಬೇಗ ಒಣಗುತ್ತವೆ. ಒಂದು ಹಾಳಾದರೆ ಒಂದನ್ನೇ ಬದಲಿಸಬಹುದು. ಡೆಕಾಥ್ಲಾನ್ ತನ್ನದೇ ಫೌಗಾಂಜಾ ಹೆಸರಿನಲ್ಲಿ ಸವಾರಿ ಸಾಮಾನು ಮಾರುತ್ತದೆ, ಕಲಿಯುವವರಿಗೆ ಅದು ಸಾಕು. ಇನ್ನೂ ಒಳ್ಳೆ ಚರ್ಮ ಬೇಕು ಅಂದರೆ ಕಾನ್ಪುರದ ಮಾಲು ನೋಡಿ. ಸ್ಯಾಡಲ್, ಲಗಾಮಿನ ಕೆಲಸಕ್ಕೆ ಆ ಊರು ಹೆಸರುವಾಸಿ, ಅಲ್ಲಿಯ ಮಾಲು ಹೊರದೇಶಕ್ಕೂ ಹೋಗುತ್ತದೆ. ಇದರ ತೊಂದರೆಯನ್ನೂ ಹೇಳಬೇಕು. ಜೋರು ಮಳೆಯಲ್ಲಿ ಜೋಧ್‌ಪುರ್ ಬೂಟ್ ನೆನೆಯುತ್ತದೆ, ಎಲಾಸ್ಟಿಕ್ ಇರುವ ಪಕ್ಕಗಳಿಂದ ನೀರು ಇಳಿಯುತ್ತದೆ. ಗಂಟೆಗಟ್ಟಲೆ ಮಳೆಯಲ್ಲಿ ಸುತ್ತುವವರಿಗೆ ಇದು ಸಾಲದು.

ಮಳೆಯಲ್ಲೂ ಪಾಠ ತಪ್ಪಿಸುವುದಿಲ್ಲ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಸವಾರಿ ಬೂಟಿನ ಆಕಾರದಲ್ಲೇ, ಹೀಲ್ ಮತ್ತು ನುಣುಪು ಅಟ್ಟೆ ಇಟ್ಟು ಮಾಡಿದ ಉದ್ದನೆ ರಬ್ಬರ್ ಬೂಟ್. ದೂರದಿಂದ ಗಮ್‌ಬೂಟ್ ಅನ್ನಿಸಿದರೂ ಅಟ್ಟೆ ಬೇರೆ, ಅಗಲ ಬೇರೆ. ಒಂದು ಗಂಟೆಯ ಪಾಠಕ್ಕೆ ಚೆನ್ನಾಗಿದೆ. ಆಮೇಲೆ ಅದರೊಳಗೆ ಇಡ್ಲಿ ಪಾತ್ರೆಯ ಮುಚ್ಚಳದ ಹಾಗೆ ನೀರು ಕಟ್ಟುತ್ತದೆ.

ಇಷ್ಟೆಲ್ಲ ಓದಿಯೂ ಕಂಟ್ರಿ ಬೂಟ್ ಮೇಲೆ ಮನಸ್ಸಿದ್ದರೆ ತಪ್ಪೇನಿಲ್ಲ. ಚೆನ್ನಾಗಿ ಮಾಡಿದ ಉದ್ದ ಬೂಟ್ ಹಾಕಿ ಕುದುರೆ ಮೇಲೆ ಕೂತಾಗ ಕಾಲು ಸ್ಥಿರವಾಗಿರುತ್ತದೆ, ನನಗೂ ಅವು ಇಷ್ಟ. ಆದರೆ ಉಣ್ಣೆಯ ಲೈನಿಂಗ್ ಬೇಡ, ಬರೀ ಪೊರೆ ಇರುವ ತೆಳು ಲೈನಿಂಗ್‌ನದು ತರಿಸಿ. ಇಂಗ್ಲೆಂಡಿನ ನಂಬರ್ ನಮ್ಮ ಅಂಗಡಿಗಳ ನಂಬರಿಗೆ ಸಾಮಾನ್ಯವಾಗಿ ಹೊಂದುತ್ತದೆ, ಹಾಗಾಗಿ ಪಾದದ ಅಳತೆ ದೊಡ್ಡ ಸಮಸ್ಯೆಯಲ್ಲ. ಸಮಸ್ಯೆ ಮೀನಖಂಡದ್ದು. ಸಂಜೆ ಹೊತ್ತು, ಪಾದ ಸ್ವಲ್ಪ ಊದಿಕೊಂಡಿರುವಾಗ, ಸವಾರಿ ಪ್ಯಾಂಟ್ ಹಾಕಿಕೊಂಡು ಕುರ್ಚಿಯ ಮೇಲೆ ಪಾದ ನೆಲಕ್ಕೂರಿ ಕೂತುಕೊಳ್ಳಿ. ಮೀನಖಂಡದ ಅತಿ ದಪ್ಪ ಜಾಗದ ಸುತ್ತಳತೆ, ನೆಲದಿಂದ ಮಂಡಿಯ ಹಿಂದಿನ ಮಡಿಕೆಯವರೆಗಿನ ಎತ್ತರ, ಎರಡೂ ಕಾಲಿನದು ತೆಗೆದು ಅಕ್ಕನಿಗೆ ಕಳಿಸಿ. ದಪ್ಪ ಇರುವ ಕಾಲಿನ ಅಳತೆಯೇ ಲೆಕ್ಕಕ್ಕೆ. ಹೊಸ ಚರ್ಮ ಕಣಕಾಲಿನಲ್ಲಿ ಮಡಿಕೆ ಬಿದ್ದು ಒಂದೆರಡು ಸೆಂಟಿಮೀಟರ್ ಕೆಳಗಿಳಿಯುತ್ತದೆ, ಆದ್ದರಿಂದ ಮೊದಲ ದಿನ ಮಂಡಿಯ ಹಿಂದೆ ಸ್ವಲ್ಪ ಒತ್ತಿದರೆ ಗಾಬರಿ ಬೇಡ.

ಬೂಟಿನ ಇಂಥ ಮಡಿಕೆಗಳನ್ನು ಹತ್ತಿರದಿಂದ ನೋಡುತ್ತಿರಿ. ಬೆರಳುಗಳ ಬುಡದಲ್ಲಿ, ಬೂಟ್ ದಿನವೂ ಬಾಗುವ ಜಾಗದಲ್ಲಿ ಚರ್ಮ ಒಣಗಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಅದರ ಕೆಳಗೆ ಲದ್ದಿಯ ಸಣ್ಣ ನಾರು, ಮರಳು ಸೇರಿ ಪೊರೆಯನ್ನು ಒಳಗಿಂದೊಳಗೆ ಉಜ್ಜುತ್ತದೆ. ಪೊರೆ ಒಮ್ಮೆ ಹರಿದರೆ ಹೊಲಿಯಲು ಬರುವುದಿಲ್ಲ. ಪ್ರತಿ ಸಲ ಬಳಸಿದ ಮೇಲೆ ಒದ್ದೆ ಬಟ್ಟೆಯಿಂದ ಆ ಮಡಿಕೆಯನ್ನು, ಅಟ್ಟೆ ಸೇರುವ ಹೊಲಿಗೆಯನ್ನು ಒರೆಸಿ. ಮೇಣದ ಬೂಟ್ ಕ್ರೀಮ್ ತೆಳುವಾಗಿ ಹಚ್ಚಿ. ಚರ್ಮದ ಮೆಟ್ಟಿಗೆ ಹರಳೆಣ್ಣೆ ಹಚ್ಚುವುದು ನಮ್ಮ ಹಳ್ಳಿಗಳ ಹಳೆ ರೂಢಿ, ದಪ್ಪ ಚರ್ಮಕ್ಕೆ ಅದು ಒಗ್ಗುತ್ತದೆ. ಪೊರೆ ಇರುವ ಬೂಟಿಗೆ ಹರಳೆಣ್ಣೆಯೂ ಬೇಡ, ಕೊಬ್ಬರಿ ಎಣ್ಣೆಯೂ ಬೇಡ. ಆವಿ ಹೋಗುವ ದಾರಿ ಮುಚ್ಚಿಕೊಳ್ಳುತ್ತದೆ.

ಒಣಗಿಸುವಾಗ ಒಳಗೆ ಹಳೆ ಪೇಪರ್ ತುರುಕಿ ಫ್ಯಾನ್ ಕೆಳಗಿಡಿ. ಗಂಟೆಗೊಮ್ಮೆ ಪೇಪರ್ ಬದಲಿಸಿ. ಹೀಟರ್, ಕಡು ಬಿಸಿಲು ಬೇಡ, ಚರ್ಮ ಸುರುಟಿಕೊಳ್ಳುತ್ತದೆ. ವಾರವೆಲ್ಲ ಕಾರಿನ ಡಿಕ್ಕಿಯಲ್ಲೇ ಬೂಟ್ ಬಿಡುವವರು ನಮ್ಮಲ್ಲಿ ಬಹಳ. ಮುಚ್ಚಿದ ಡಿಕ್ಕಿಯ ಬಿಸಿಗೆ ಅಟ್ಟೆಯ ಅಂಟು ಬಿಡುತ್ತದೆ, ತೇವಕ್ಕೆ ಬೂಷ್ಟು ಹಿಡಿಯುತ್ತದೆ.

ಅಟ್ಟೆಯ ಬಗ್ಗೆ ಇನ್ನೊಂದು ಮಾತು, ಇದನ್ನು ಅಂಗಡಿಯವರು ಹೇಳುವುದಿಲ್ಲ. ಪಿಯು, ಅಂದರೆ ಪಾಲಿಯುರೆಥೇನ್ ಅಟ್ಟೆಗಳು ಹಗುರ, ಮೆತ್ತಗೆ. ಆದರೆ ಗಾಳಿಯ ತೇವವೇ ಅದನ್ನು ನಿಧಾನವಾಗಿ ಒಡೆಯುತ್ತದೆ. ಹಾಕದೆ ಪೆಟ್ಟಿಗೆಯಲ್ಲಿ ಇಟ್ಟಿದ್ದರೂ ಅಷ್ಟೇ. ಕೆಲವು ವರ್ಷ ಜೋಪಾನವಾಗಿಟ್ಟ ಬೂಟನ್ನು ಒಂದು ದಿನ ಹೊರತೆಗೆದು ಹಾಕಿಕೊಂಡರೆ ಅಟ್ಟೆ ಹಳೆ ಬ್ರೆಡ್ಡಿನಂತೆ ಉದುರುತ್ತದೆ. ಮನೆಯಲ್ಲಿ ಉದುರಿದರೆ ದುಡ್ಡು ಹೋಯಿತು ಅಷ್ಟೇ. ಕುದುರೆ ಮೇಲಿದ್ದಾಗ ಅರ್ಧ ಕಿತ್ತುಬಂದರೆ ಸ್ಟಿರಪ್‌ಗೆ ಸಿಕ್ಕಿಕೊಳ್ಳುತ್ತದೆ. ರಿಯಾಯಿತಿಯಲ್ಲಿ ಸಿಗುವ ಹಳೆ ಸ್ಟಾಕ್ ಬೇಡ ಅಂತ ಅಕ್ಕನಿಗೆ ಹೇಳಿ, ಸಾಧ್ಯವಾದರೆ ರಬ್ಬರ್ ಅಟ್ಟೆಯದೇ ನೋಡಲಿ. ಈಗಿರುವ ಬೂಟಿನ ಅಟ್ಟೆಯನ್ನೂ ಉಗುರಿನಿಂದ ಒತ್ತಿ ನೋಡಿ. ಗುರುತು ಉಳಿದು ಪುಡಿ ಬಂದರೆ ಅದರಲ್ಲಿ ಸವಾರಿ ಬೇಡ.

ಲಾಯದಲ್ಲಿ ಸ್ಟೀಲ್ ಟೋ ಹಾಕಬೇಕಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮ ಕಲಿಕೆಯ ಕುದುರೆಗಳಲ್ಲಿ ರೇಸ್‌ನಿಂದ ನಿವೃತ್ತಿಯಾಗಿ ಬಂದ ಥರೋಬ್ರೆಡ್‌ಗಳು ಬಹಳ. ಒಂದೊಂದೂ 450-500 ಕಿಲೋ. ಕುದುರೆ ತುಳಿದರೆ ಸ್ಟೀಲ್ ತಗಡು ಬಾಗಿ ಬೆರಳನ್ನೇ ಕತ್ತರಿಸುತ್ತದೆ ಅಂತ ಜನ ಹೆದರಿಸುತ್ತಾರೆ. ಭಾರತೀಯ ಮಾನದಂಡ ಐಎಸ್ 15298, ಭಾಗ 2ರ ಗುರುತಿರುವ ಸೇಫ್ಟಿ ಶೂನ ಮುಂಭಾಗ 200 ಜೂಲ್ ಪೆಟ್ಟು ತಡೆಯುವಂತೆ ಪರೀಕ್ಷೆಯಾಗಿರುತ್ತದೆ. ತಗಡೂ ಬಾಗುವಷ್ಟು ಭಾರ ಬಿದ್ದರೆ ಬರೀ ಚರ್ಮದ ಬೂಟಿನಲ್ಲಿ ಆ ಬೆರಳುಗಳ ಗತಿ ಇನ್ನೂ ಕೆಟ್ಟದಾಗಿರುತ್ತಿತ್ತು. ಸ್ಟೀಲ್ ಟೋ ಇರುವ ಗಮ್‌ಬೂಟ್‌ಗಳೂ ಬರುತ್ತವೆ, ಲಾಯಕ್ಕೆ ಅದು ಒಳ್ಳೆಯದೇ. ಆದರೆ ಅಟ್ಟೆಯಲ್ಲೂ ತಗಡಿರುವುದು ಸಿಕ್ಕರೆ ಅದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಲಾಳ ಕಟ್ಟುವವರು ಬಂದು ಹೋದ ಮೇಲೆ ಹುಲ್ಲಿನಲ್ಲಿ ಬಿದ್ದ ಮೊಳೆ ಕಣ್ಣಿಗೆ ಕಾಣುವುದಿಲ್ಲ, ಮಾಮೂಲಿ ಗಮ್‌ಬೂಟಿನ ಅಟ್ಟೆಯನ್ನು ಅದು ಸುಲಭವಾಗಿ ದಾಟುತ್ತದೆ. ಕುದುರೆ ಲದ್ದಿಯಲ್ಲಿ ಧನುರ್ವಾಯು ತರುವ ಬ್ಯಾಕ್ಟೀರಿಯಾದ ಬೀಜಕಣ ಇರುವುದು ಸಾಮಾನ್ಯ. ಟೆಟನಸ್ ಇಂಜೆಕ್ಷನ್ ತಗೊಂಡು ಹತ್ತು ವರ್ಷ ಆಗಿದ್ದರೆ ಈ ವಾರವೇ ಹಾಕಿಸಿಕೊಳ್ಳಿ.

ಇನ್ನು ಕಿರುಬೆರಳಿನ ಸಂದಿ. ನೀವು ಬರೆದಿರುವ ಲಕ್ಷಣ ನೋಡಿದರೆ ಫಂಗಸ್ ಇರುವಂತಿದೆ, ಲಾಯಗಳಲ್ಲಿ ಇದು ತುಂಬಾ ಮಾಮೂಲಿ. ಆದರೆ ನಾನು ಡಾಕ್ಟರ್ ಅಲ್ಲ. ಚರ್ಮದ ಡಾಕ್ಟರಿಗೆ ತೋರಿಸಿ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಮುಲಾಮು ಹಚ್ಚಬೇಡಿ, ಅವುಗಳಲ್ಲಿ ಹಲವದರಲ್ಲಿ ಸ್ಟೆರಾಯ್ಡ್ ಬೆರೆತಿರುತ್ತದೆ. ಮೂರು ದಿನ ತುರಿಕೆ ನಿಂತ ಹಾಗೆ ಅನ್ನಿಸಿ, ಆಮೇಲೆ ಹರಡುತ್ತದೆ. ಅದು ವಾಸಿಯಾಗುವವರೆಗೆ ಲಾಯದ ನಿಂತ ನೀರಿನಲ್ಲಿ ಚಪ್ಪಲಿಯಲ್ಲಿ ಓಡಾಡಬೇಡಿ. ಕಾಳು ಇರುವ ಕಡೆ ಇಲಿ ಇದ್ದೇ ಇರುತ್ತವೆ, ಸುಲಿದ ಚರ್ಮದ ಮೂಲಕ ಇಲಿ ಜ್ವರ ಬರಬಹುದು. ಸವಾರಿ ನಿಲ್ಲಿಸಬೇಕಾಗಿಲ್ಲ. ಲಾಯದಿಂದ ಸ್ಯಾಡಲ್‌ಗೆ ಹೋಗುವ ನಡುವೆ ಐದು ನಿಮಿಷ ಬೆಂಚಿನ ಮೇಲೆ ಕೂತು ಬೆರಳ ಸಂದಿಗಳನ್ನು ಒಣ ಟವೆಲ್‌ನಿಂದ ಒರೆಸಿಕೊಳ್ಳಿ. ಆ ಟವೆಲನ್ನು ಬೇರೆ ಯಾರಿಗೂ ಕೊಡಬೇಡಿ, ಮನೆಗೆ ಬಂದ ಮೇಲೆ ಸಾಕ್ಸ್ ಜೊತೆ ಬಿಸಿ ನೀರಿನಲ್ಲಿ ಒಗೆಯಿರಿ.